ಮೂರು ಗಂಟೆಯ ಹಾರಾಟ, ಹನ್ನೊಂದು ಗಂಟೆಯ ಹಸಿವು

ಮುಂಬಯಿಯಿಂದ ಶಾರ್ಜಾಕ್ಕೆ ಮೂರು ಗಂಟೆ ಎನ್ನುತ್ತದೆ ಟಿಕೆಟ್. ಡೊಂಬಿವಲಿಯಲ್ಲಿರುವ ನನ್ನ ಹೊಟ್ಟೆ ಹನ್ನೊಂದು ಎನ್ನುತ್ತದೆ. ಎರಡೂ ಲೆಕ್ಕ ಸರಿಯೇ. ಎಲ್ಲಿಂದ ಎಣಿಸಲು ಶುರು ಮಾಡುತ್ತೀರಿ ಎಂಬುದಷ್ಟೇ ಪ್ರಶ್ನೆ.

ಗಲ್ಫ್‌ಗೆ ಅಗ್ಗದ ಟಿಕೆಟ್ ಸಿಗುವುದು ಹೆಚ್ಚಾಗಿ ಅಪರಾತ್ರಿಯ ವಿಮಾನಗಳಿಗೆ. ಒಂದೂವರೆಗೆ ಹೊರಡುವ ವಿಮಾನಕ್ಕೆ ಹತ್ತೂವರೆಗೆಲ್ಲ ಸಹಾರದ ಎರಡನೇ ಟರ್ಮಿನಲ್‌ನಲ್ಲಿ ಇರಬೇಕು. ಹತ್ತೂವರೆಗೆ ಅಲ್ಲಿರಬೇಕಾದರೆ ಎಂಟಕ್ಕೆ ಮನೆ ಬಿಡಬೇಕು. ಏಕೆಂದರೆ ಕಟಾಯಿ ನಾಕಾ ದಾಟಿ ಶಿಳ್‌ಫಾಟಾಕ್ಕೆ ಬಂದ ಮೇಲೆ ಟ್ಯಾಕ್ಸಿ ಎಷ್ಟು ಹೊತ್ತು ನಿಲ್ಲುತ್ತದೆಂದು ಹೇಳಲು ಬ್ರಹ್ಮನಿಗೂ ಆಗದು. ಅಲ್ಲಿಂದ ಮಹಾಪೆ, ಐರೋಲಿ ಸೇತುವೆ, ಪೊವಾಯಿ ಕಡೆಯ ರಸ್ತೆ. ಲೋಕಲ್ ಹಿಡಿದು ಘಾಟ್‌ಕೋಪರ್‌ನಲ್ಲಿ ಇಳಿದು, ಮೆಟ್ರೋ ಹತ್ತಿ ಮರೋಳ್ ನಾಕಾದಲ್ಲಿ ನೆಲದಡಿಯ ಮೆಟ್ರೋಗೆ ಬದಲಾಯಿಸಿದರೆ 2024ರಿಂದ ಟರ್ಮಿನಲ್‌ವರೆಗೂ ರೈಲಿನಲ್ಲೇ ಹೋಗಬಹುದು. ಆದರೆ ಮಗಳಿಗೆಂದು ಅಕ್ಕಿ ಹಪ್ಪಳ, ಸಾರಿನ ಪುಡಿ, ಮೊಮ್ಮಗನಿಗೆ ಚಕ್ಕುಲಿ ತುಂಬಿದ ಎರಡು ಸೂಟ್‌ಕೇಸ್ ಹಿಡಿದು ಸಂಜೆಯ ಲೋಕಲ್ ಹತ್ತಲು ಅರವತ್ತು ದಾಟಿದ ನನ್ನ ಮೊಣಕಾಲು ಒಪ್ಪುವುದಿಲ್ಲ.

ಹಾಗಾಗಿ ರಾತ್ರಿಯೂಟ ಏಳಕ್ಕೇ ಮುಗಿಯುತ್ತದೆ. ವಿಮಾನ ಇಳಿಯುವಾಗ ನಮ್ಮ ಗಡಿಯಾರದಲ್ಲಿ ನಾಲ್ಕೂವರೆ, ಅಲ್ಲಿಯದರಲ್ಲಿ ಮೂರು. ಪಾಸ್‌ಪೋರ್ಟಿನ ಸಾಲು, ಸಾಮಾನಿನ ಬೆಲ್ಟು, ಅಳಿಯನ ಕಾರು, ಮನೆ. ಅಷ್ಟರಲ್ಲಿ ನಮ್ಮ ಬೆಳಗಿನ ಆರು. ಸಂಜೆ ಏಳರಿಂದ ಬೆಳಗಿನ ಆರಕ್ಕೆ ಹನ್ನೊಂದು ಗಂಟೆ. ಬನಶಂಕರಿಯಿಂದ ದೇವನಹಳ್ಳಿಗೆ ಹೊರಡುವ ನಿಮಗೂ ಈ ಲೆಕ್ಕ ಹೊಸದಲ್ಲ. ವಿಮಾನ ಕಂಪನಿ ಎಣಿಸುವುದು ಆಕಾಶದ ಗಂಟೆಗಳನ್ನು ಮಾತ್ರ. ಮೂರು ಗಂಟೆಗೆ ಯಾರಿಗೆ ಊಟ ಬೇಕು ಎಂಬ ಅದರ ವಾದ ಅಷ್ಟರಮಟ್ಟಿಗೆ ನ್ಯಾಯವೇ. ನೆಲದ ಮೇಲಿನ ಎಂಟು ಗಂಟೆ ಯಾರ ಖಾತೆಗೂ ಸೇರುವುದಿಲ್ಲ.

*

ನಮ್ಮ ಮನೆ ಒಂದು ಕಾಲದಲ್ಲಿ ಗಲ್ಫ್‌ಗೆ ಹೋಗುವವರ ವೇಟಿಂಗ್ ರೂಂ ಆಗಿತ್ತು. ಮಂಗಳೂರಿನಿಂದ ಹೊರದೇಶಕ್ಕೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮೊದಲು ಕುಂದಾಪುರ, ಉಡುಪಿ ಕಡೆಯ ಹುಡುಗರು ದುಬೈ, ಮಸ್ಕತ್ ಎಂದು ಹೊರಟರೆ ಮುಂಬಯಿಗೆ ಬಂದೇ ಹಾರಬೇಕಿತ್ತು. ಇಲ್ಲಿ ಥಾಣೆಯಲ್ಲೋ ಡೊಂಬಿವಲಿಯಲ್ಲೋ ಒಬ್ಬ ದೊಡ್ಡಪ್ಪನ ಮಗ, ಅತ್ತೆಯ ಭಾವ ಯಾರಾದರೂ ಇರುತ್ತಿದ್ದರು. ರಾತ್ರಿ ಬಸ್ಸಿನಲ್ಲಿ, ಕೊಂಕಣ ರೈಲು ಬಂದ ಮೇಲೆ ರೈಲಿನಲ್ಲಿ ಬಂದು, ನಮ್ಮ ಒಂದು ಕೋಣೆ ಮತ್ತು ಅಡುಗೆಮನೆಯ ಬಿಡಾರದಲ್ಲಿ ಒಂದೆರಡು ದಿನ ಮಲಗಿ ಹೊರಡುತ್ತಿದ್ದರು. ವೀಸಾದ ಕಾಗದವನ್ನು ಹತ್ತು ಸಲ ತೆಗೆದು ನೋಡುತ್ತಿದ್ದರು. ನನ್ನ ಹೆಂಡತಿ ಅವರಿಗೆ ಊಟ ಹಾಕಿ ಕಳಿಸುತ್ತಿದ್ದಳೇ ಹೊರತು ಬುತ್ತಿ ಕಟ್ಟುತ್ತಿರಲಿಲ್ಲ. "ವಿಮಾನದಲ್ಲಿ ಕೊಡ್ತಾರಂತಲ್ಲ" ಎಂಬುದು ಆಗಿನ ಮಾತು. ಕೊಡುತ್ತಲೂ ಇದ್ದರು. ಅಂಟಂಟು ಅನ್ನ, ಚೌಕಾಕಾರದ ಪನೀರು, ಬೆಣ್ಣೆಯ ಚಿಕ್ಕ ಗುಳಿಗೆ, ಪ್ಲಾಸ್ಟಿಕ್ ಚಮಚ. ಹುಡುಗರು ಆ ಚಮಚವನ್ನು ಜೇಬಿಗೆ ಹಾಕಿಕೊಂಡು, ರಜೆಗೆ ಬಂದಾಗ ನಮಗೆ ತೋರಿಸಿದ್ದೂ ಉಂಟು.

ಆಮೇಲೆ ಕಡಿಮೆ ದರದ ಕಂಪನಿಗಳು ಬಂದವು. ಶಾರ್ಜಾದ ಏರ್ ಅರೇಬಿಯಾ 2003ರಲ್ಲಿ, ನಮ್ಮ ಏರ್ ಇಂಡಿಯಾ ಎಕ್ಸ್‌ಪ್ರೆಸ್ 2005ರಲ್ಲಿ ಹಾರತೊಡಗಿದವು. ಇಂಡಿಗೊ 2011ರಲ್ಲಿ ದಿಲ್ಲಿಯಿಂದ ದುಬೈಗೆ ಹಾರಿ ಹೊರದೇಶದ ಮಾರ್ಗಕ್ಕೆ ಕೈಹಾಕಿತು. ದೇಶದೊಳಗೆ ಈ ಪಾಠವನ್ನು ಮೊದಲು ಹೇಳಿಕೊಟ್ಟವರು ಕನ್ನಡಿಗರೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದಾಗ, ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಅದರ ಗುರುತಾಗಿದ್ದ. ಚೌಕಳಿ ಕೋಟು, ಧೋತ್ರದ ಆ ಮುದುಕನನ್ನು ವಿಮಾನ ಹತ್ತಿಸುವುದೇ ಗುರಿ. ಹತ್ತಿಸಬೇಕಾದರೆ ಟಿಕೆಟ್ ಇಳಿಯಬೇಕು. ಟಿಕೆಟ್ ಇಳಿಯಬೇಕಾದರೆ ಊಟದ ತಟ್ಟೆಯೂ ಇಳಿಯಬೇಕು. ಬೇಕಾದವರು ಕೊಂಡು ತಿನ್ನಲಿ. ಆ ಲೆಕ್ಕ ಗೆದ್ದಿತು. ಏರ್ ಡೆಕ್ಕನ್ ಉಳಿಯಲಿಲ್ಲ, ಲೆಕ್ಕ ಉಳಿಯಿತು.

*

"ಹಿಂದೆಲ್ಲ ಬಿಟ್ಟಿ ಊಟ ಕೊಡುತ್ತಿದ್ದರು" ಎಂದು ಗೊಣಗುವವರು ನನ್ನ ವಯಸ್ಸಿನವರಲ್ಲಿ ಬಹಳ. ಆದರೆ ವಿಮಾನದೂಟದ ಚರಿತ್ರೆ ಬಿಟ್ಟಿಯಿಂದ ಶುರುವಾದದ್ದಲ್ಲ. ವಿಮಾನದಲ್ಲಿ ಬಡಿಸಿದ ಮೊದಲ ಊಟವೆಂದು ಎಲ್ಲರೂ ಹೇಳುವುದು 1919ರ ಅಕ್ಟೋಬರ್ 11ರದ್ದನ್ನು. ಹ್ಯಾಂಡ್ಲಿ ಪೇಜ್ ಕಂಪನಿಯ ಲಂಡನ್–ಪ್ಯಾರಿಸ್ ವಿಮಾನ. ತಣ್ಣನೆಯ ಊಟದ ಪೆಟ್ಟಿಗೆ, ಬೆಲೆ ಮೂರು ಶಿಲಿಂಗ್. ಅಂದರೆ ಮೊಟ್ಟಮೊದಲ ವಿಮಾನದೂಟವೂ ಅಡ್ಡದಾರಿಯ ಪುಟ್ಟ ಅಂತರರಾಷ್ಟ್ರೀಯ ಹಾರಾಟದಲ್ಲಿ ದುಡ್ಡು ಕೊಟ್ಟು ಕೊಂಡದ್ದೇ.

ನಡುವಿನ ಕಾಲದಲ್ಲಿ ಊಟ "ಉಚಿತ"ವಾದದ್ದಕ್ಕೆ ಕಾರಣ ಔದಾರ್ಯವಲ್ಲ. ಹೊರದೇಶದ ಟಿಕೆಟ್ ದರವನ್ನು ಕಂಪನಿಗಳೆಲ್ಲ ಕೂಡಿ ಒಪ್ಪಂದದಿಂದ ಕಟ್ಟಿಹಾಕಿದ್ದವು. ದರದಲ್ಲಿ ಸ್ಪರ್ಧೆಯಿಲ್ಲ ಎಂದ ಮೇಲೆ ತಟ್ಟೆಯಲ್ಲಿ ಸ್ಪರ್ಧೆ. 1958ರಲ್ಲಿ ಅಟ್ಲಾಂಟಿಕ್ ದಾಟುವ ಅಗ್ಗದ ದರ್ಜೆಯವರಿಗೆ ಬರೀ ಸಾದಾ ಸ್ಯಾಂಡ್‌ವಿಚ್ ಮಾತ್ರ ಕೊಡಬೇಕೆಂದು ನಿಯಮ ಮಾಡಿಕೊಂಡರು. ಸ್ಕ್ಯಾಂಡಿನೇವಿಯಾದ ಕಂಪನಿ ಸ್ಯಾಂಡ್‌ವಿಚ್ ಎಂಬ ಹೆಸರಿನಲ್ಲಿ ಪೂರ್ತಿ ಊಟವನ್ನೇ ಬಡಿಸಿತೆಂದು ಅಮೆರಿಕದ ಪ್ಯಾನ್ ಆಮ್ ದೂರು ಕೊಟ್ಟು, ಅದು ಸ್ಯಾಂಡ್‌ವಿಚ್ ಯುದ್ಧವೆಂದೇ ಹೆಸರಾಯಿತು. ಅಂದರೆ ಆ ಊಟದ ದುಡ್ಡು ಟಿಕೆಟ್ಟಿನಲ್ಲೇ ಅಡಗಿತ್ತು. ಉಂಡವರೂ ಕೊಟ್ಟರು, ಉಣ್ಣದೆ ಮಲಗಿದವರೂ ಕೊಟ್ಟರು.

ಊಟ ಬಿಡುವುದರಿಂದ ಕಂಪನಿಗೆ ಸಿಗುವುದು ಅನ್ನದ ಖರ್ಚಿನ ಉಳಿತಾಯ ಮಾತ್ರವಲ್ಲ. ಬಿಸಿಯೂಟ ಎಂದರೆ ಓವನ್ನು, ಗಾಡಿ, ತಟ್ಟೆ, ಅವುಗಳ ಭಾರ, ಆ ಭಾರವನ್ನು ಹೊತ್ತು ಹಾರಲು ಇಂಧನ. ವಿಮಾನದ ಪಕ್ಕಕ್ಕೆ ಬಂದು ಮೇಲೇರುವ ಅಡುಗೆ ಲಾರಿ. ಇಳಿದ ಮೇಲೆ ನೂರೆಂಬತ್ತು ಸೀಟುಗಳ ಕೆಳಗಿನ ಅನ್ನದಗುಳು ಗುಡಿಸುವ ಹೊತ್ತು. ಈ ಕಂಪನಿಗಳಿಗೆ ನಿಂತ ವಿಮಾನವೆಂದರೆ ನಷ್ಟ, ಇಳಿದ ವಿಮಾನ ಬೇಗ ಮತ್ತೆ ಏರಬೇಕು. ಎಲ್ಲರಿಗೂ ಕೊಟ್ಟರೆ ಖರ್ಚು, ಕೆಲವರಿಗೆ ಮಾರಿದರೆ ಆದಾಯ. ಜೀವನವಿಡೀ ಬ್ಯಾಂಕಿನ ಲೆಡ್ಜರ್ ನೋಡಿದ ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ.

*

ಹಾಗೆ ಮಾರುವ ಪದಾರ್ಥಗಳಲ್ಲಿ ನನಗೆ ಮೋಜೆನಿಸುವುದು ಕಪ್ಪಿನ ಉಪ್ಪಿಟ್ಟು. ಕಾಗದದ ಕಪ್ಪು, ಒಳಗೆ ಹುರಿದ ರವೆ, ಒಣಗಿಸಿದ ಕರಿಬೇವು, ನಾಲ್ಕು ಬಟಾಣಿ. ಗಗನಸಖಿ ಬಿಸಿನೀರು ಹಾಕಿ, ಮುಚ್ಚಳ ಮುಚ್ಚಿ, ಕೆಲವು ನಿಮಿಷ ಬಿಡಿ ಎನ್ನುತ್ತಾಳೆ. ಹಿಂದಿನ ಸಲ ನಾನು ಕೊಟ್ಟದ್ದು 250 ರೂಪಾಯಿ. ಓವನ್ನು ಬೇಡ, ತಟ್ಟೆ ಬೇಡ, ಮಾರಾಟವಾಗದೆ ಉಳಿದರೆ ಹಳಸುವುದೂ ಇಲ್ಲ. ಕಡಿಮೆ ದರದ ವಿಮಾನಕ್ಕೆಂದೇ ಹುಟ್ಟಿದ ತಿಂಡಿ ಇದು.

ಈ ಕುಲದ ತಿಂಡಿಗಳ ಹಿಂದೆಯೂ ನಮ್ಮ ಊರಿನ ಕೈ ಇದೆ. ಕೋಟದ ಕಡೆಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ಶುರು ಮಾಡಿದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ತುರ್ತುಪರಿಸ್ಥಿತಿಯಲ್ಲಿ ಸರಕಾರ ತಿಂಡಿಯ ಬೆಲೆ ಕಟ್ಟಿಹಾಕಿದಾಗ, ಆ ಬೆಲೆಗೆ ಗುಣ ಉಳಿಸಿಕೊಂಡು ಮಾರಲಾಗದೆ ಅವರು ಹೋಟೆಲು ಮುಚ್ಚಿದರು. ಕೆಲಸಗಾರರನ್ನು ಕೈಬಿಡಬಾರದೆಂದು ರವೆ ಇಡ್ಲಿಯಂಥವುಗಳ ಸಿದ್ಧ ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ನೀರು ಸೇರಿಸಿದರೆ ತಿಂಡಿ ಎಂಬ ಉಪಾಯ ನಮ್ಮ ಅಡುಗೆಮನೆಗೆ ಬಂದದ್ದು ಹಾಗೆ. ಈಗ ಅದು ಆಕಾಶಕ್ಕೂ ಏರಿದೆ.

ಆದರೆ ಆಕಾಶದಲ್ಲಿ ಉಪ್ಪಿಟ್ಟು ಸಪ್ಪೆ. ದೋಷ ಉಪ್ಪಿಟ್ಟಿನದ್ದಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೂ ಇಳಿಯಬಹುದು. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 6300 ಅಡಿ. ಅಷ್ಟು ಎತ್ತರದಲ್ಲಿ ನೀರು 92 ಡಿಗ್ರಿಯ ಹತ್ತಿರವೇ ಕುದಿದುಬಿಡುತ್ತದೆ. ಡೊಂಬಿವಲಿಯ ನೂರು ಡಿಗ್ರಿಯ ನೀರು ಅಲ್ಲಿ ಇಲ್ಲ. ರವೆ ಅರಳುವುದಿಲ್ಲ, ನೆನೆಯುತ್ತದೆ. ಚಹಾದ್ದೂ ಅದೇ ಕಥೆ. ಮೇಲಾಗಿ ಒಳಗಿನ ಗಾಳಿ ಒಣ. ಮೂಗು ಒಣಗಿದರೆ ಪರಿಮಳವಿಲ್ಲ, ಪರಿಮಳವಿಲ್ಲದಿದ್ದರೆ ಅರ್ಧ ರುಚಿಯಿಲ್ಲ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾ ಕಂಪನಿಗಾಗಿ 2010ರಲ್ಲಿ ಇದನ್ನು ಪರೀಕ್ಷಿಸಿದರು. ನೆಲದ ಮೇಲೆಯೇ ವಿಮಾನದ ಒತ್ತಡ ಹುಟ್ಟಿಸಿ ಜನರಿಗೆ ಉಣಿಸಿ ನೋಡಿದಾಗ, ಉಪ್ಪು ನಾಲಿಗೆಗೆ 20–30 ಶೇಕಡಾ ಕಡಿಮೆ ತಟ್ಟುತ್ತಿತ್ತು, ಸಿಹಿಯೂ ಕಡಿಮೆಯೇ. ಹುಳಿ, ಕಹಿ, ಖಾರಕ್ಕೆ ಅಷ್ಟೇನೂ ಧಕ್ಕೆಯಿಲ್ಲ. ಇಂಜಿನ್ನಿನ ಸದ್ದೂ ಸಿಹಿಯನ್ನು ಮಂಕು ಮಾಡುತ್ತದೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಟೊಮೆಟೊದಂಥವುಗಳ ರುಚಿ ಮಾತ್ರ ಆ ಗದ್ದಲದಲ್ಲೂ ಎದ್ದು ನಿಲ್ಲುತ್ತದಂತೆ.

ಈ ಸಂಶೋಧನೆಗಳನ್ನೆಲ್ಲ ಓದಿದ ಮೇಲೆ ನನ್ನ ಹೆಂಡತಿಗೆ ಹೇಳಿದೆ: ಹುಳಿ, ಖಾರ ಎರಡೂ ಇರುವ ಬುತ್ತಿಯೇ ವಿಮಾನಕ್ಕೆ ಸರಿಯಾದದ್ದು, ಅಂದರೆ ನಿನ್ನ ಪುಳಿಯೋಗರೆ. "ಇದಕ್ಕೆ ಜರ್ಮನಿಯವರು ಬೇಕಾಯ್ತಾ?" ಎಂದಳು.

*

ಇಷ್ಟು ದೂರ ವಿಮಾನ ಕಂಪನಿಯ ಪರ ಮಾತಾಡಿದ್ದೇನೆ. ಇನ್ನು ನನ್ನ ತಕರಾರು. ಅದನ್ನು ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

ಹದಿನಾಲ್ಕನೇ ವಯಸ್ಸಿಗೆ ನಾನು ಕುಂದಾಪುರದ ಹತ್ತಿರದ ಹಳ್ಳಿಯಿಂದ ಕಲ್ಯಾಣ್ ಸ್ಟೇಷನ್ ಬಳಿ ಸೋದರಮಾವ ನಡೆಸುತ್ತಿದ್ದ ಹೋಟೆಲಿಗೆ ಬಂದೆ. ಹಗಲು ಟೇಬಲ್ ಒರೆಸುವುದು, ರಾತ್ರಿ ಶಾಲೆಯಲ್ಲಿ ಓದುವುದು. ಮುಂಬಯಿಯ ಕನ್ನಡಿಗರಲ್ಲಿ ಎಷ್ಟೋ ಮಂದಿಯ ಕಥೆ ಇದೇ, ವಿಶೇಷವೇನಿಲ್ಲ. ಊರಲ್ಲಿ ನನ್ನ ಅಜ್ಜಿಗೆ ಮಗನ ಹೋಟೆಲಿನ ಬಗ್ಗೆ ಕೊನೆಯವರೆಗೂ ಒಂದು ಮುಜುಗರ ಇತ್ತು. ಅನ್ನ ಮಾರಬಾರದು ಎಂಬುದು ಆ ಕಾಲದವರ ನಂಬಿಕೆ. ಹಸಿದು ಬಂದವನಿಗೆ ಇಕ್ಕಬೇಕು, ಅಳೆದು ಬೆಲೆ ಕಟ್ಟಬಾರದು. ಮಗ ಕಳಿಸಿದ ಮನಿಯಾರ್ಡರ್ ದುಡ್ಡಿನಲ್ಲಿ ಒಂದಿಷ್ಟನ್ನು ಅವಳು ದೇವಸ್ಥಾನದ ಅನ್ನಸಂತರ್ಪಣೆಗೆ ಕೊಟ್ಟು, ಮಿಕ್ಕದ್ದನ್ನು ಮುಟ್ಟುತ್ತಿದ್ದಳು.

ಉಡುಪಿ ಹೋಟೆಲಿನವರು ಆ ನಂಬಿಕೆಯನ್ನು ಮುರಿದರು. ಮುರಿದದ್ದರಿಂದಲೇ ಇಡೀ ಮುಂಬಯಿ ಉಂಡಿತು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಿಂದ ಹಿಡಿದು ಕಲ್ಯಾಣ್‌ನ ನಮ್ಮ ಸಣ್ಣ ಹೋಟೆಲಿನವರೆಗೆ ಎಲ್ಲರೂ ಅನ್ನ ಮಾರಿದವರೇ. ಆದರೆ ಮಾರುವುದಕ್ಕೂ ಒಂದು ಧರ್ಮ ಇಟ್ಟುಕೊಂಡರು. ಮಾವ ನನಗೆ ಕಲಿಸಿದ್ದು ಮೂರೇ ಮಾತು. ಗಿರಾಕಿ ಕೂತ ಕೂಡಲೇ ನೀರು ಇಡು, ಅವನು ಏನೂ ತಗೊಳ್ಳದೆ ಎದ್ದು ಹೋದರೂ ಸರಿ. ಬೆಲೆಯ ಬೋರ್ಡು ಬಾಗಿಲಿನಿಂದಲೇ ಕಾಣಬೇಕು, ಒಳಗೆ ಬಂದು ಕೂತ ಮೇಲೆ ಯಾರೂ ನಾಚಿಕೊಂಡು ಏಳಬಾರದು. ಮೂರನೆಯದು, ಯಾರು ಎಷ್ಟು ತಿಂದರು ಎಂದು ಮುಖ ನೋಡಬೇಡ. ಒಂದು ರೈಸ್ ಪ್ಲೇಟನ್ನು ಇಬ್ಬರು ಹಂಚಿಕೊಂಡರೆ ಕೇಳುವ ಮೊದಲೇ ಇನ್ನೊಂದು ಖಾಲಿ ತಟ್ಟೆ ಇಡುತ್ತಿದ್ದೆವು.

ಊಟ ಮಾರುವುದು ತಪ್ಪಲ್ಲ ಎಂದು ನನಗೆ ಗೊತ್ತು. ಮಾರಿದ ದುಡ್ಡಿನಲ್ಲೇ ನಾನು ಓದಿದ್ದು. ಹೊಟ್ಟೆಗೆ ಸಂಬಂಧಪಟ್ಟದ್ದನ್ನು ಮಾರುವಾಗ ಕೊಳ್ಳಲಾಗದವನ ಮಾನ ಕಾಯುವುದೂ ವ್ಯಾಪಾರದ ಒಂದು ಭಾಗ. ಆ ಭಾಗವನ್ನು ವಿಮಾನಕ್ಕೆ ಹತ್ತಿಸಲು ಯಾರೋ ಮರೆತಿದ್ದಾರೆ.

*

ಎರಡು ವರ್ಷದ ಹಿಂದೆ ಮಗಳ ಮನೆಯಿಂದ ವಾಪಸು ಬರುತ್ತಿದ್ದೆ. ರಾತ್ರಿಯ ವಿಮಾನ, ತುಂಬಿತ್ತು. ಹೊರಡುವ ಮೊದಲು ಅಣ್ಣನ ಮಗನಿಗೆ ಫೋನು ಮಾಡಿ, ನಾಡಿದ್ದು ಕಲ್ಯಾಣಕ್ಕೆ ಬರ್ತೇನೆ ಎಂದು ಕನ್ನಡದಲ್ಲಿ ಹೇಳಿದ್ದು ಪಕ್ಕದ ಸೀಟಿನವನ ಕಿವಿಗೆ ಬಿತ್ತು. "ಸರ, ಕಲ್ಯಾಣದಾಗ ಯಾವ ಓಣಿರಿ?" ಎಂದ. ನನ್ನ ಕಲ್ಯಾಣ್ ರೈಲಿನ ಜಂಕ್ಷನ್. ಅವನದು ಬಸವಕಲ್ಯಾಣ. ಇಬ್ಬರೂ ನಕ್ಕೆವು. ಮೂವತ್ತರ ಆಸುಪಾಸಿನ ಹುಡುಗ. ಕಟ್ಟಡದ ಕೆಲಸ, ಎರಡು ವರ್ಷದ ಮೇಲೆ ಊರಿಗೆ ಹೊರಟಿದ್ದ. ಮುಂಬಯಿಯಲ್ಲಿ ಇಳಿದು, ನಮ್ಮ ಕಲ್ಯಾಣ್‌ನಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಇಳಿದು ಬಸ್ಸು ಹಿಡಿಯಬೇಕಿತ್ತು. ಕಂಪನಿಯ ಬಸ್ಸು ಕ್ಯಾಂಪಿನಿಂದ ಸಂಜೆ ಐದಕ್ಕೇ ತಂದು ವಿಮಾನ ನಿಲ್ದಾಣದಲ್ಲಿ ಬಿಟ್ಟಿತ್ತಂತೆ.

ತಿಂಡಿಯ ಗಾಡಿ ಬಂತು. ಟಿಕೆಟ್ ಜೊತೆಗೇ ಊಟಕ್ಕೆ ದುಡ್ಡು ಕಟ್ಟಿದವರ ಹೆಸರು, ಸೀಟು ಓದಿ ಮೊದಲು ಅವರಿಗೆ ಕೊಟ್ಟರು. ಬಿರಿಯಾನಿಯ ವಾಸನೆ ಸಾಲುಸಾಲಿಗೆ ಹರಡಿತು. ಆಮೇಲೆ ಕೊಳ್ಳುವವರಿಗೆ ಮಾರುತ್ತ ಬಂದರು. ಆಗ ಕಂಡದ್ದನ್ನು ನಾನು ಮರೆತಿಲ್ಲ. ಗಾಡಿ ಹತ್ತಿರ ಬಂದಂತೆ ಒಂದೊಂದೇ ಸಾಲಿನಲ್ಲಿ ಜನ ಕಣ್ಣು ಮುಚ್ಚುತ್ತಿದ್ದರು. ಅಲ್ಲಿಯವರೆಗೆ ಮಾತಾಡುತ್ತಿದ್ದವರು, ಫೋನಿನಲ್ಲಿ ಮಕ್ಕಳ ಫೋಟೋ ನೋಡುತ್ತಿದ್ದವರು ಕತ್ತು ವಾಲಿಸಿ ನಿದ್ದೆಹೋದರು. ಗಾಡಿ ದಾಟಿದ ಮೇಲೆ ಕಣ್ಣು ಬಿಟ್ಟರು. ನಮ್ಮ ಹುಡುಗನೂ ಕಣ್ಣು ಮುಚ್ಚಿದ. ಅವನ ತುಟಿ ಒಣಗಿ ಬಿಳುಚಿತ್ತು.

"ನೀರಾದರೂ ಕೇಳು ಮಾರಾಯ" ಎಂದೆ.

"ಬ್ಯಾಡ್ರಿ ಸರ. ಅದಕ್ಕೂ ರೊಕ್ಕ ತಗೋತಾರ. ನಮ್ಮ ಕ್ಯಾಂಪಿನ ಹಿರ್ಯಾರು ಹೇಳ್ಯಾರ, ವಿಮಾನದಾಗ ಏನೂ ಮುಟ್ಟಬ್ಯಾಡ ಅಂತ."

ಅವನಲ್ಲಿ ರೂಪಾಯಿ ಇರಲಿಲ್ಲ. ಉಳಿದ ನಾಲ್ಕಾರು ದಿರಹಮ್ ಖರ್ಚು ಮಾಡುವ ಮನಸ್ಸಿರಲಿಲ್ಲ. ಕಾರ್ಡು ಎಂಬುದು ಇರಲೇ ಇಲ್ಲ. ನೆಲದ ಮೇಲೆ ಎಲ್ಲವನ್ನೂ ಸಲಹುವ ಫೋನು ಅಲ್ಲಿ ಮೂಕವಾಗಿತ್ತು. ನಾನು ಗುಂಡಿ ಒತ್ತಿ ಎರಡು ಲೋಟ ನೀರು ಕೇಳಿದೆ. ಆ ಹುಡುಗಿ ನಗುತ್ತ ತಂದುಕೊಟ್ಟಳು, ಕಾಸು ಕೇಳಲಿಲ್ಲ. ಆ ವಿಮಾನದಲ್ಲಿ ನೀರು ಉಚಿತವೇ ಆಗಿತ್ತು. ಆದರೆ ಹಾಗೆಂದು ಯಾರೂ ಹೇಳಿರಲಿಲ್ಲ. ಉಪ್ಪಿಟ್ಟಿನ ಬೆಲೆ, ಬಾದಾಮಿಯ ಬೆಲೆ, ಸುಗಂಧದ ಸೀಸೆಯ ಬೆಲೆ ಎಲ್ಲವೂ ಸೀಟಿನ ಚೀಲದ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಬೆಲೆಯಿಲ್ಲದ ನೀರಿನ ಸುದ್ದಿಯನ್ನು ಮುಂದಿಡಬೇಕೆಂದು ಯಾರಿಗೂ ತೋಚಿರಲಿಲ್ಲ.

ಅವನು ಲೋಟವನ್ನು ಒಂದೇ ಗುಟುಕಿಗೆ ಮುಗಿಸಿ, ಇನ್ನೊಂದನ್ನು ತಾನೇ ಕೇಳಿದ. ಮಗಳು ಕಟ್ಟಿದ್ದ ಚಪಾತಿ, ಬಟಾಟೆ ಪಲ್ಯ ತೆಗೆದು ನಡುವಿನ ಸೀಟಿನ ಮಡಿಕೆ ಮೇಜಿನ ಮೇಲೆ ಬಿಚ್ಚಿಟ್ಟೆ. "ನಂದು ಊಟ ಆಗ್ಯಾದ್ರಿ" ಎಂದ. ಎರಡನೇ ಸಲಕ್ಕೆ ಕೈ ಹಾಕಿದ. ಉಂಡಾದ ಮೇಲೆ ಮೇಲಿನ ಗೂಡಿನಿಂದ ಚೀಲ ಇಳಿಸಿ, ಮನೆಗೆಂದು ಕೊಂಡಿದ್ದ ಖರ್ಜೂರದ ಡಬ್ಬಿಯ ಅಂಟು ಬಿಡಿಸತೊಡಗಿದ. ಬೇಡವೆಂದರೆ ಕೇಳಲಿಲ್ಲ. "ಬರೇ ತಗೊಂಡು ಹ್ಯಾಂಗ ಕೂಡ್ಲಿರಿ?" ಎಂದು ನಾಲ್ಕು ಕೊಟ್ಟು, ಆ ಕಡೆಯ ಸೀಟಿನವನಿಗೂ ನಾಲ್ಕು ಕೊಟ್ಟ.

*

ಇದರಿಂದ ನಾನು ಕಂಪನಿಗಳೆಲ್ಲ ಮತ್ತೆ ಬಿಟ್ಟಿ ಊಟ ಹಾಕಲಿ ಎನ್ನುವುದಿಲ್ಲ. ಹಾಕಿದರೆ ಅದರ ದುಡ್ಡು ಆ ಹುಡುಗನ ಟಿಕೆಟ್ಟಿಗೇ ಸೇರುತ್ತದೆ. ಅಗ್ಗದ ಟಿಕೆಟ್ ಇದ್ದದ್ದರಿಂದಲೇ ಅವನು ಎರಡು ವರ್ಷಕ್ಕಾದರೂ ಮಗುವಿನ ಮುಖ ನೋಡಲು ಹೊರಟದ್ದು. ನಾವೇ ಮಾಡಿಕೊಳ್ಳಬಹುದಾದದ್ದು ಬೇಕಾದಷ್ಟಿದೆ.

ಮೊದಲನೆಯದು ಹಕ್ಕು. ವಿಮಾನ ತಡವಾದರೆ ಕಾಯುವವರಿಗೆ ತಿಂಡಿ–ಪಾನೀಯ ಕೊಡಬೇಕೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮವಿದೆ. ಎರಡೂವರೆ ಗಂಟೆಯೊಳಗಿನ ಪ್ರಯಾಣವಾದರೆ ಎರಡು ಗಂಟೆ ತಡವಾದಾಗ, ಎರಡೂವರೆಯಿಂದ ಐದು ಗಂಟೆಯ ಪ್ರಯಾಣವಾದರೆ ಮೂರು ಗಂಟೆ ತಡವಾದಾಗ. ನಮ್ಮ ಗಲ್ಫ್ ವಿಮಾನಗಳು ಹೆಚ್ಚಾಗಿ ಎರಡನೇ ಗುಂಪಿನವು. ಒಮ್ಮೆ ಸಹಾರದಲ್ಲಿ ನಾಲ್ಕು ಗಂಟೆ ಕಾದಾಗ, ಕೌಂಟರಿಗೆ ಹೋಗಿ ಕೇಳಿದವರಿಗೆ ಸ್ಯಾಂಡ್‌ವಿಚ್, ಹಣ್ಣಿನ ರಸ ಸಿಕ್ಕಿತು. ಕೇಳದವರು ಕುರ್ಚಿಯಲ್ಲೇ ಕೂತಿದ್ದರು. ನಿಯಮ ಕೊಡಬೇಕು ಎನ್ನುತ್ತದೆ, ಕೇಳಿದರೆ ಕೊಡಬೇಕು ಎನ್ನುವುದಿಲ್ಲ.

ಎರಡನೆಯದು ಬುತ್ತಿ. ಗಟ್ಟಿ ಪದಾರ್ಥಕ್ಕೆ ಭದ್ರತಾ ತಪಾಸಣೆಯಲ್ಲಿ ಅಡ್ಡಿಯಿಲ್ಲ. ಚಪಾತಿ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ಕೋಡುಬಳೆ ಎಲ್ಲವೂ ದಾಟುತ್ತವೆ. ಸಾರು, ಮಜ್ಜಿಗೆ ನೂರು ಮಿಲಿಲೀಟರ್ ಮೀರಿದರೆ ದಾಟುವುದಿಲ್ಲ. ಖಾಲಿ ಬಾಟಲಿ ಒಯ್ದು ತಪಾಸಣೆ ಮುಗಿದ ಮೇಲೆ ತುಂಬಿಸಿಕೊಳ್ಳಿ. ಗಲ್ಫ್‌ಗೆ ಹೋಗುವವರು ನೆನಪಿಡಬೇಕಾದದ್ದು ಗಸಗಸೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಅದು ಮಾದಕವಸ್ತುಗಳ ಸಾಲಿಗೆ ಸೇರುತ್ತದೆ, ಜೈಲಿನವರೆಗೂ ಒಯ್ಯಬಹುದು. ಕರ್ಜಿಕಾಯಿಯ ಹೂರಣದಲ್ಲಿ ಚಿಟಿಕೆ ಗಸಗಸೆ ಹಾಕುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ, ಅಲ್ಲಿಗೆ ಒಯ್ಯುವ ಕರ್ಜಿಕಾಯಿಗೆ ಅದು ಬೇಡ. ಕೆಲವು ಕಂಪನಿಗಳು ಹೊರಗಿನ ತಿನಿಸನ್ನು ಒಪ್ಪುವುದಿಲ್ಲ, ನಿಯಮವನ್ನೊಮ್ಮೆ ನೋಡಿಕೊಳ್ಳಿ. ಕಟ್ಟಿಕೊಡುವವರು ಇಲ್ಲವೆಂದರೆ ಡೊಂಬಿವಲಿಯಲ್ಲಿ ಅದೂ ಕೊರತೆಯಲ್ಲ. ಆಫೀಸಿನಿಂದ ಲೋಕಲ್ ಇಳಿದು ಬರುವ ಹೆಂಗಸರು ಮನೆಗೆ ಚಪಾತಿ, ಪಲ್ಯ ಒಯ್ಯುವ ಪೋಳಿ–ಭಾಜಿ ಅಂಗಡಿಗಳು ಇಲ್ಲಿ ಓಣಿಗೊಂದಿವೆ. ವಿಮಾನದ ಒಂದು ಕಪ್ಪಿನ ಬೆಲೆಗೆ ಅಲ್ಲಿ ಮನೆಮಂದಿಯೆಲ್ಲ ಉಣ್ಣಬಹುದು.

ನೆಲದ ಮೇಲಿನ ಆ ಎಂಟು ಗಂಟೆಯೂ ನಮಗೆ ಸ್ವಲ್ಪ ಕರಗಬಹುದು. ಪನವೇಲ್ ಬಳಿಯ ಉಲ್ವೆಯಲ್ಲಿ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ, ಡಿಸೆಂಬರ್ 25ರಿಂದ ಅಲ್ಲಿ ವಿಮಾನಗಳು ಓಡಾಡತೊಡಗಿದವು. ಗಲ್ಫ್‌ನ ಅಪರಾತ್ರಿ ವಿಮಾನಗಳು ಅಲ್ಲಿಂದ ಏರುವಂತಾದರೆ ಡೊಂಬಿವಲಿ, ಕಲ್ಯಾಣ್‌ನವರಿಗೆ ಮುಂಬಯಿ ದಾಟುವ ಕಷ್ಟ ತಪ್ಪುತ್ತದೆ. ಶಿಳ್‌ಫಾಟಾ ಮಾತ್ರ ತಪ್ಪದು, ಅದು ನಮ್ಮ ಹಣೆಬರಹ.

ಕಂಪನಿಗಳಿಂದ ನಾನು ಬಯಸುವುದು ಇಷ್ಟೇ. ಬೆಲ್ಟು ಕಟ್ಟುವುದು ಹೇಗೆ, ಆಮ್ಲಜನಕದ ಮುಖವಾಡ ಎಲ್ಲಿಂದ ಬೀಳುತ್ತದೆ ಎಂದು ಪ್ರತಿ ಸಲ ತಪ್ಪದೆ ಹೇಳುತ್ತಾರಲ್ಲ, ಅದರ ಕೊನೆಗೆ ಇನ್ನೊಂದು ವಾಕ್ಯ ಸೇರಿಸಲಿ: ಈ ವಿಮಾನದಲ್ಲಿ ಕುಡಿಯುವ ನೀರಿಗೆ ದುಡ್ಡಿಲ್ಲ, ಕೇಳಿ ತೆಗೆದುಕೊಳ್ಳಿ. ಹಿಂದಿಯಲ್ಲಿ ಹೇಳಲಿ, ಮಲಯಾಳದಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ, ಆ ಸಲ ಹತ್ತಿದವರಿಗೆ ಯಾವುದು ತಿಳಿಯುತ್ತದೋ ಅದರಲ್ಲಿ ಹೇಳಲಿ. ಓವನ್ನಿಗೆ, ತಟ್ಟೆಗೆ, ಗಾಡಿಗೆ ಭಾರವಿದೆ, ಅವುಗಳನ್ನು ಇಳಿಸಿದ್ದು ನನಗೆ ಅರ್ಥವಾಗುತ್ತದೆ. ಆ ಒಂದು ವಾಕ್ಯಕ್ಕೆ ಭಾರವಿಲ್ಲ, ಅದನ್ನು ಹೊತ್ತು ಹಾರಲು ಇಂಧನವೂ ಬೇಕಿಲ್ಲ.